ಎಂಟು ಪಟ್ಟಿ ತೊಗಲು

ಸೊಸೆಯ ಅಡುಗೆ ಮಾವನಿಗೆ ರುಚಿಸದೆ ಹೋಗಿ ಒಂದು ವಾರವಾಗಿತ್ತು. ಜ್ವರ ಬಿಟ್ಟು ಎದ್ದು ಕೂತ ಮೊದಲ ದಿನವೇ ಮೀನಿನ ಸಾರು ಚಪ್ಪೆ ಎಂದರು. ಎರಡನೇ ದಿನ ಹುರುಳಿಕಾಯಿ ಹುಲ್ಲು ಬೇಯಿಸಿದ ಹಾಗಿದೆ ಎಂದರು. ಮೂರನೇ ದಿನದಿಂದ ಏನೂ ಹೇಳದೆ ಉಪ್ಪಿನ ಭರಣಿಯನ್ನೇ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡು ಕೂರತೊಡಗಿದರು. ಹನ್ನೆರಡು ವರ್ಷ ಇದೇ ಕೈಯಡುಗೆ ಉಂಡು, ಇನ್ನೊಂದು ಸೌಟು ಹಾಕಮ್ಮ ಎನ್ನುತ್ತಿದ್ದ ಮನುಷ್ಯ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ, ಆ ಭರಣಿ ಮಾತ್ರ ಹೊಟ್ಟೆ ಉರಿಸುತ್ತಿತ್ತು.

"ಬಾಯಿಗಿಡೋಕೆ ಮುಂಚೆನೇ ಉಪ್ಪು ಸುರ್ಕೋತೀರಲ್ಲ ಮಾವ, ಒಂದು ತುತ್ತು ತಿಂದು ನೋಡಬಾರದಾ?"

"ನೋಡಿಯೇ ಸುರ್ಕೊಂಡೆ."

"ಯಾವಾಗ ನೋಡಿದ್ರಿ?"

"ನಿನ್ನೆ ನೋಡಿದ್ದೆ. ಮೊನ್ನೆನೂ ನೋಡಿದ್ದೆ."

ಅತ್ತೆ ಗಂಡನ ಕಡೆಗೇ ವಾಲಿದರು. "ಜ್ವರ ಬಂದ ನಾಲಿಗೆ ಕಣೇ. ಸ್ವಲ್ಪ ಕೈ ಬಿಟ್ಟು ಮೆಣಸು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಹಾಕಿದ್ದೀನಲ್ಲ ಅತ್ತೆ, ನಿನ್ನೆ ಗುಬ್ಬಿ ಕಣ್ಣಲ್ಲಿ ನೀರು ಬಂತು!"

ಗುಬ್ಬಿ ಎಂದರೆ ಹತ್ತು ವರ್ಷದ ಮೊಮ್ಮಗಳು. ತನ್ನ ಹೆಸರು ಜಗಳದಲ್ಲಿ ಬಂದದ್ದೇ ತಡ, ಅವಳು ಇನ್ನಷ್ಟು ಬಗ್ಗಿ ತಟ್ಟೆಯಲ್ಲಿ ಮುಖ ಹುದುಗಿಸಿದಳು. ಮಗ, ಅಂದರೆ ಗುಬ್ಬಿಯ ಅಪ್ಪ, ಅಂಚೆಯವನು. ಊರಿನ ಸಿಹಿ-ಕಹಿಯನ್ನೆಲ್ಲ ಮುಚ್ಚಿದ ಲಕೋಟೆಯಲ್ಲೇ ಹಂಚಿ ಬರುವ ಅಭ್ಯಾಸ, ಮನೆಯ ವಿಷಯದಲ್ಲೂ ಬಾಯಿ ತೆರೆಯುತ್ತಿರಲಿಲ್ಲ.

ಮನೆ ಮೇಲೆ, ಅಂಗಡಿ ಕೆಳಗೆ. ಸೋಫಾ, ಕುರ್ಚಿ, ಬೆಂಚುಗಳಿಗೆ ಮೆತ್ತೆ ಕೂರಿಸಿ ಹೊದಿಕೆ ಹಾಕುವ ಕೆಲಸವನ್ನು ಮಾವ ನಲವತ್ತೆಂಟು ವರ್ಷದಿಂದ ಮಾಡುತ್ತಿದ್ದರು. ಸೊಸೆಯಾಗಿ ಬಂದವಳು ಬಂದ ಆರು ತಿಂಗಳಿಗೇ ಕೆಳಗಿಳಿದು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಈಗ ಹೊಲಿಗೆಯೆಲ್ಲ ಅವಳದೇ. ಆ ಯಂತ್ರದ ಸದ್ದಿನಲ್ಲಿ ಅವಳಿಗೆ ಸಿಗುವ ನೆಮ್ಮದಿ ಬೇರೆಲ್ಲೂ ಇರಲಿಲ್ಲ. ಆದರೆ ಅಪ್ಪಟ ತೊಗಲು ಆರಿಸುವುದು, ಅದಕ್ಕೆ ಕತ್ತಿ ಹಾಕುವುದು ಇವೆರಡು ಮಾತ್ರ ಮಾವನ ಕೆಲಸ. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಅದಕ್ಕೊಂದು ಮನೆಯ ಪದ್ಧತಿಯೂ ಇತ್ತು. ಹೊಸ ತೊಗಲು ತಂದ ದಿನ ಅದು ನೇರವಾಗಿ ಮೇಲಕ್ಕೆ, ಊಟದ ಮೇಜಿಗೆ ಬರಬೇಕು. ಮನೆಯವರೆಲ್ಲ ಒಬ್ಬೊಬ್ಬರಾಗಿ ಮೂಸಿ ಹೇಗಿದೆ ಎಂದು ಹೇಳಬೇಕು. ಆಮೇಲೇ ಕತ್ತಿ. ರೆಕ್ಸಿನ್ನಿಗೆ ಈ ಮರ್ಯಾದೆ ಇಲ್ಲ, ಅದು ಹಿಂಬಾಗಿಲಿನಿಂದ ಬಂದು ಮೂಲೆಯಲ್ಲಿ ನಿಲ್ಲುತ್ತಿತ್ತು. "ಕಣ್ಣಿಗೆ ಯಾರು ಬೇಕಾದ್ರೂ ಟೋಪಿ ಹಾಕಬಹುದು, ನನ್ನ ಮೂಗಿಗೆ ಹಾಕೋಕಾಗಲ್ಲ" ಎಂಬುದು ಮಾವನ ಹೆಮ್ಮೆ. "ಈ ಮೂಗು ತಪ್ಪಿದ ದಿನ ಅಂಗಡಿ ಬಾಗಿಲು ಹಾಕ್ತೀನಿ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಮಾವ ಹೇಳಿದ್ದನ್ನು ಮಾಡುವವರು. ಎಲೆಯಡಿಕೆ ಬಿಡುತ್ತೇನೆಂದು ಒಮ್ಮೆ ಹೇಳಿ, ಆ ಡಬ್ಬಿಯಲ್ಲಿ ಮೊಳೆ ತುಂಬಿಟ್ಟವರು.

ಮಾರನೆ ದಿನ ಅಂಗಡಿಗೆ ಒಬ್ಬ ದಪ್ಪ ಮನುಷ್ಯ ಬಂದ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಗುಬ್ಬಿ ಆ ಕ್ಷಣವೇ ಅವನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟಳು, ಅವನೂ ಬೇಡ ಎನ್ನಲಿಲ್ಲ. ಬಡಗಿಯಿಂದ ಎಂಟು ಮೂಲೆಯ ಪೋಕರ್ ಇಸ್ಪೀಟಿನ ಮೇಜು ಮಾಡಿಸಿ ತಂದಿದ್ದ. ನಡುವೆ ಹಸಿರು ಉಣ್ಣೆಯ ಬನಾತು ಹಾಸಬೇಕು, ಸುತ್ತ ಮುಂಗೈ ಒರಗಿಸಲು ಒಂದು ಗೇಣು ಅಗಲದ ಮೆತ್ತನೆ ಅಂಚು ಬೇಕು.

"ದುಡ್ಡಿಟ್ಟು ಆಡ್ತೀರಾ?" ಕಾಫಿ ತಂದ ಅತ್ತೆ ಅನುಮಾನದಿಂದ ಕೇಳಿದರು.

"ಗುಂಡಿ ಇಟ್ಟು ಆಡ್ತೀವಮ್ಮ. ಷರಟಿನ ಗುಂಡಿ. ನಾಲ್ಕು ಜನ ಹಳೇ ಗೆಳೆಯರು, ಶನಿವಾರ ಶನಿವಾರ ಸೇರ್ತೀವಿ." ಅವನು ಮಾವನ ಕಡೆ ತಿರುಗಿದ. "ಅಂಚಿಗೆ ಏನು ಹಾಕೋಣ ಯಜಮಾನ್ರೇ? ಅಪ್ಪಟ ತೊಗಲೋ, ರೆಕ್ಸಿನ್ನೋ?"

"ತೊಗಲು," ಎಂದರು ಮಾವ.

"ರೆಕ್ಸಿನ್," ಎಂದಳು ಸೊಸೆ, ಅದೇ ಉಸಿರಿನಲ್ಲಿ.

ಕ್ಯಾಪ್ಟನ್ ಇಬ್ಬರನ್ನೂ ನೋಡಿ, ಕಾಫಿ ಹೀರುತ್ತ ಆರಾಮಾಗಿ ಕೂತ.

"ಗಂಟೆಗಟ್ಟಲೆ ಕೂತು ಆಡೋ ಮೇಜು ಮಾವ. ಕಾಫಿ ಚೆಲ್ತಾರೆ, ಎಣ್ಣೆ ಕೈ ಒರೆಸ್ತಾರೆ. ರೆಕ್ಸಿನ್ ಆದ್ರೆ ಒಂದು ಒದ್ದೆ ಬಟ್ಟೆ ಸಾಕು."

"ನಾಲ್ಕು ವರ್ಷಕ್ಕೆ ಸಿಪ್ಪೆ ಏಳುತ್ತೆ. ಬೇಸಿಗೇಲಿ ಮುಂಗೈ ಅಂಟ್ಕೊಳ್ಳುತ್ತೆ. ಸೋತೋನು ಎದ್ದರೆ ಮೇಜೂ ಅವನ ಜೊತೆ ಎದ್ದು ಹೊರಡುತ್ತೆ."

"ತೊಗಲಿಗೆ ಕಲೆ ಕೂರಲ್ವಾ?"

"ಕೂರಲಿ. ಕಲೆ ಕೂತು ಹಳೇದಾಗುತ್ತೆ, ಹಾಳಾಗಲ್ಲ."

"ಹಳೇದು ಚಪ್ಪೆ ಅನ್ಸಲ್ವಾ ನಿಮಗೆ?"

ಮಾತು ಬಾಯಿಂದ ಜಾರಿದ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಮಾವ ಅಳತೆಯ ಪಟ್ಟಿಯನ್ನು ಸುತ್ತತೊಡಗಿದರು. ಕ್ಯಾಪ್ಟನ್ನೇ ಮಧ್ಯೆ ಬಂದು, ಎರಡರದ್ದೂ ಒಂದೊಂದು ತುಂಡು ಇಟ್ಟಿರಿ, ವಾರ ಬಿಟ್ಟು ಬಂದು ನೋಡಿ ಹೇಳುತ್ತೇನೆ ಎಂದು ಎದ್ದ.

ಆ ಒಂದು ವಾರ ಗುಬ್ಬಿಯದೇ ದರ್ಬಾರು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಎರಡು ತುಂಡುಗಳನ್ನೂ ಮಲಗಿಸಿ ದಿನಕ್ಕೊಂದು ಪರೀಕ್ಷೆ ಕೊಟ್ಟಳು. ಕಾಫಿ ಚೆಲ್ಲಿದಳು, ಎಣ್ಣೆ ಸವರಿದಳು, ಬೀಗದ ಕೈಯಿಂದ ಗೀರಿದಳು, ಬಿಸಿಲಿಗಿಟ್ಟಳು, ಕೊನೆಗೆ ಮೊಣಕೈ ಊರಿ ಅದರ ಮೇಲೆಯೇ ಮನೆಪಾಠ ಬರೆದಳು. ಒರೆಸಿದಾಗ ರೆಕ್ಸಿನ್ ಹೊಸದರಂತೆ ಹೊಳೆಯಿತು. ತೊಗಲಿನ ಮೇಲೆ ಕಾಫಿಯ ಗುರುತೊಂದು ಕೂತೇ ಬಿಟ್ಟಿತು.

"ನಾನು ಹೇಳಿರ್ಲಿಲ್ವಾ?" ಎಂದಳು ಸೊಸೆ.

ಕ್ಯಾಪ್ಟನ್ ಬಂದವನು ರೆಕ್ಸಿನ್ ತುಂಡನ್ನು ಕೈಯಲ್ಲಿ ಹಿಡಿದು ಚೆನ್ನಾಗಿದೆ ಎಂದ. ತೊಗಲಿನ ತುಂಡಿನ ಕಾಫಿ ಗುರುತಿನ ಮೇಲೆ ಮಾತ್ರ ಹೆಬ್ಬೆರಳು ಆಡಿಸಿದ. "ಇದನ್ನೇ ಹಾಕಿ. ನಾವು ನಾಲ್ಕು ಜನವೂ ಕಲೆ ಕೂತವರೇ. ಮೇಜೂ ನಮ್ಮ ಜೊತೆ ಹಳೇದಾಗ್ಲಿ." ಸೋತಿದ್ದರೂ ಸೊಸೆಗೆ ಆ ಮಾತು ಹಿಡಿಸಿತು. ಅದನ್ನು ಮಾವನ ಮುಂದೆ ಹೇಳಿಕೊಳ್ಳುವಷ್ಟು ಅವಳ ಸಿಟ್ಟು ಇಳಿದಿರಲಿಲ್ಲ, ಅಷ್ಟೆ.

ಗುರುವಾರ ಮಾವ ತೊಗಲಿನ ಬೀದಿಗೆ ಎಂದಿನಂತೆ ಒಬ್ಬರೇ ಹೋದರು. ಎಂದಿಗಿಂತ ತಡವಾಗಿ ಬಂದರು. ಸಂಜೆ ಊಟಕ್ಕೆ ತಟ್ಟೆ ಹಾಕುವ ಮುಂಚೆ ಮೇಜಿನ ಮೇಲೆ ಕಟ್ಟು ಬಿಚ್ಚಿದರು. ಯಾವತ್ತೂ ಇಡೀ ತೊಗಲೇ ಬರುತ್ತಿತ್ತು, ಕಾಲು ಕತ್ತಿನ ಆಕಾರವೆಲ್ಲ ಹಾಗೇ ಇರುತ್ತಿತ್ತು. ಇವತ್ತು ಕಂದು ಬಣ್ಣದ ಎಂಟು ನೀಟಾದ ಪಟ್ಟಿಗಳು.

"ಎಂಟು ಬದಿಗೆ ಎಂಟು. ಕತ್ತರಿಸಿಯೇ ಇಟ್ಟಿದ್ರು. ಒಳ್ಳೇ ಮಾಲು," ಎಂದರು ಮಾವ.

ಅತ್ತೆ ಮೂಗಿಗೆ ಮುಟ್ಟಿಸಿದ ಶಾಸ್ತ್ರ ಮಾಡಿ "ಹೂಂ" ಎಂದರು. ಮಗ ಪತ್ರಿಕೆಯಿಂದ ತಲೆಯೆತ್ತದೆ "ಚೆನ್ನಾಗಿದೆ ಅಪ್ಪ" ಎಂದ. ಗುಬ್ಬಿ ಜೋರಾಗಿ ಮೂಸಿ, "ತಾತ, ಇದು ನನ್ನ ಮಳೆ ಕೋಟಿನ..." ಎಂದು ಅಮ್ಮನ ಮುಖ ನೋಡಿ ನಿಲ್ಲಿಸಿದಳು.

ಗುಬ್ಬಿಯ ಮಾತಿಗೇ ಸೊಸೆಗೆ ಅನುಮಾನ ಬಂದಿತ್ತು. ಮೂಸಿದಳು. ಅಂಟು, ಬಣ್ಣ. ಅಷ್ಟೇ. ಹಿಂಬದಿಗೆ ಪುಡಿ ಒತ್ತಿ ತೊಗಲಿನ ಹಾಗೆ ಒರಟು ಮಾಡಿದ ನಕಲಿ ಹಾಳೆ. ನೋಡಲು ಮುಟ್ಟಲು ಅಪ್ಪಟದಂತೆಯೇ ಇತ್ತು. ತಲೆಯೆತ್ತಿದರೆ ಮಾವ ಅವಳನ್ನೇ ನೋಡುತ್ತಿದ್ದರು.

"ನೀನು ಹೇಳಮ್ಮ. ಹೇಗಿದೆ?"

ಅಂಗಡಿಯ ಬಾಗಿಲು ಅವಳ ಕಣ್ಣೆದುರೇ ಮುಚ್ಚಿಕೊಂಡಂತಾಯಿತು. ಬೀಗ ಹಾಕಿ ಮಾವ ಈ ಮೇಜಿನ ತಲೆಯಲ್ಲಿ ದಿನವಿಡೀ ಕೂತಿರುವುದು ಕಂಡಿತು, ಕೆಳಗೆ ತನ್ನ ಯಂತ್ರದ ಮೇಲೆ ಬಟ್ಟೆ ಹೊದಿಸಿರುವುದು ಕಂಡಿತು.

"ಚೆನ್ನಾಗಿದೆ ಮಾವ."

ಮಾವ ಇನ್ನೂ ಒಂದು ಗಳಿಗೆ ನೋಡಿದರು. "ಸರಿ ಹಾಗಾದ್ರೆ. ಸೋಮವಾರ ಅಳತೆಗೆ ಕತ್ತಿ ಹಾಕ್ತೀನಿ," ಎಂದು ಪಟ್ಟಿಗಳನ್ನು ಸುತ್ತಿದರು. ಆ ಹೊತ್ತು ಅವರು ಉಪ್ಪಿನ ಭರಣಿಯನ್ನು ಎಳೆದುಕೊಳ್ಳಲಿಲ್ಲ. ಹಾಕಿದ್ದನ್ನು ಹಾಕಿದ ಹಾಗೇ ತಿಂದು ಎದ್ದರು. ಸೊಸೆಗೆ ಅದನ್ನು ನೋಡಿ ಖುಷಿಯಾಗಬೇಕಿತ್ತು, ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಒಲೆಯ ಮೇಲೆ ಹಾಲಿಟ್ಟು ಗುಬ್ಬಿಯ ಜಡೆ ಹಾಕಲು ಹೋದಳು. ಒಲೆಯ ಪಕ್ಕದ ಸ್ಟೂಲಿನಲ್ಲಿ ಒಲೆಗೆ ಬೆನ್ನು ಹಾಕಿ ಮಾವ ಪತ್ರಿಕೆ ಓದುತ್ತಿದ್ದರು. ಎರಡನೇ ಜಡೆ ಮುಗಿಯುವ ಮುಂಚೆ ಸೀದ ವಾಸನೆ ಮನೆಯೆಲ್ಲ ತುಂಬಿ, ಸ್ನಾನದ ಮನೆಯಿಂದ ಅತ್ತೆ ಕೂಗಿಕೊಂಡೇ ಬಂದರು.

"ಪಕ್ಕದಲ್ಲೇ ಕೂತಿದ್ದೀರಲ್ಲ! ಹಾಲು ಹೊತ್ತಿ ಪಾತ್ರೆ ಕಪ್ಪಾಗಿದೆ! ಮೂಗಿಗೆ ಏನು ಬಡಿದಿದೆ ನಿಮಗೆ?"

"ನೋಡಲಿಲ್ಲ ಕಣೇ," ಎಂದರು ಮಾವ, ಮೆಲ್ಲಗೆ. ಪತ್ರಿಕೆ ಮಡಿಸಿಟ್ಟು ಕೆಳಗಿಳಿದು ಹೋದರು.

ಸೊಸೆ ಪಾತ್ರೆಗೆ ನೀರು ಹಾಕಿ ಅಲ್ಲೇ ನಿಂತುಬಿಟ್ಟಳು. ಜ್ವರ. ಜ್ವರ ಬಿಟ್ಟ ದಿನ ಚಪ್ಪೆಯಾದ ಸಾರು. ಹುಲ್ಲಿನಂತಾದ ಹುರುಳಿಕಾಯಿ. ಮಳೆ ಕೋಟಿನ ವಾಸನೆಯ ಎಂಟು ಪಟ್ಟಿ. ಅಯ್ಯೋ ದೇವರೇ, ಅವರಿಗೆ ವಾಸನೆಯೇ ಇಲ್ಲ! ಇಷ್ಟು ದಿನ ತಾನು ಮುಖ ಊದಿಸಿಕೊಂಡು ಬಡಿಸಿದ್ದೆಲ್ಲ ಒಂದೇ ಏಟಿಗೆ ನೆನಪಾಗಿ ಅವಳಿಗೆ ಅಳು ಬಂತು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆಗೂ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಗಂಡನಿಗೂ ಹೇಳಿದಳು. ಅತ್ತೆ ಕೈಯಲ್ಲಿದ್ದ ಒದ್ದೆ ಟವೆಲನ್ನು ಹಿಂಡುತ್ತಲೇ ಇದ್ದರು, ಅದರಲ್ಲಿ ಒಂದು ಹನಿ ನೀರು ಉಳಿದಿರಲಿಲ್ಲ.

"ಇಷ್ಟು ದಿನ ನಿನ್ನನ್ನೇ ಅಂದೆನಲ್ಲೇ ನಾನು."

"ಅದಿರಲಿ ಅತ್ತೆ. ಸೋಮವಾರ ಏನು ಮಾಡೋದು? ಅಂಚಿಗೆ ಬಣ್ಣ ಬಳಿದಿದ್ದಾರೆ, ಕತ್ತಿ ಹಾಕಿದ ತಕ್ಷಣ ಒಳಗಿನ ಪದರ ಕಂಡು ಗೊತ್ತಾಗಿಬಿಡುತ್ತೆ. ಅವರ ಕಣ್ಣು ಚೆನ್ನಾಗೇ ಇದೆ."

"ಹೇಳಿಬಿಡೋಣ," ಎಂದ ಗಂಡ.

"ಹೇಳಿದ್ರೆ ಬಾಗಿಲು ಹಾಕ್ತಾರೆ ಕಣೋ. ಹಾಕಿ ಮೇಲೆ ಬಂದು ಕೂತರೆ ಆ ಮನುಷ್ಯ ಎರಡು ತಿಂಗಳು ಉಳಿಯಲ್ಲ," ಎಂದರು ಅತ್ತೆ.

ಸೊಸೆಯೇ ದಾರಿ ಕಂಡುಕೊಂಡಳು. ಶನಿವಾರ ಮಾವ ಬನಾತು ಹಾಸುವುದರಲ್ಲಿ ಮುಳುಗಿರುತ್ತಾರೆ. ಪಟ್ಟಿಗಳನ್ನು ಹಿಂದಿರುಗಿಸಿ, ಅಪ್ಪಟ ತೊಗಲಿನದೇ ಎಂಟು ಪಟ್ಟಿ ಕತ್ತರಿಸಿ ತಂದು ಅದೇ ಜಾಗದಲ್ಲಿಟ್ಟರೆ ಯಾರಿಗೂ ಗೊತ್ತಾಗದು. ಅವಳು ಹಳೆಯ ಹಾಸಿಗೆ ಹೊದಿಕೆಯಲ್ಲಿ ಕಟ್ಟನ್ನು ಸುತ್ತಿಕೊಂಡು ಬಸ್ಸು ಹತ್ತಿದಳು.

ತೊಗಲಿನ ವ್ಯಾಪಾರಿ ಬೆಳ್ಳಗೆ ಕೂದಲಾದ ಹೆಂಗಸು, ಮಾವನನ್ನು ಮೂವತ್ತು ವರ್ಷದಿಂದ ಬಲ್ಲವಳು. ಕಟ್ಟು ನೋಡಿದ್ದೇ ಕನ್ನಡಕ ತೆಗೆದಿಟ್ಟಳು.

"ನಿಮ್ಮ ಮಾವ ಕಳಿಸಿದ್ರಾ?"

"ಇಲ್ಲ. ನೀವು ಅವರಿಗೆ ಮೋಸ ಮಾಡಿದ್ರಾ ಅಂತ ಕೇಳೋಕೆ ಬಂದೆ," ಎಂದಳು ಸೊಸೆ. ದಾರಿಯುದ್ದಕ್ಕೂ ಅಂದುಕೊಂಡು ಬಂದ ಮಾತು.

"ನಾನು ಯಾಕಮ್ಮ ಮಾಡ್ಲಿ? ಬಾಗಿಲ ಹತ್ರದ ರಾಶಿಯಿಂದ ಅವರೇ ಆರಿಸಿದ್ದು. ರೆಕ್ಸಿನ್ ಕೆಲಸ ಬಂದಿರಬೇಕು ಅಂದ್ಕೊಂಡು ರೆಕ್ಸಿನ್ ಬೆಲೆನೇ ಹೇಳಿದೆ. ಬೆಲೆ ಕೇಳಿ ಅವರ ಮುಖ ಬಿಳುಚಿಕೊಂಡುಬಿಡ್ತು. ಆ ಕಟ್ಟನ್ನ ಮತ್ತೆ ಮೂಗಿನ ಹತ್ರ ಹಿಡಿದ್ರು. ತುಂಬಾ ಹೊತ್ತು ಹಿಡಿದೇ ಇದ್ರು. ಕೂತ್ಕೊಳ್ಳಿ, ನೀರು ಕುಡೀರಿ ಅಂದೆ. ಬೇಡ ಅಂತ ದುಡ್ಡು ಕೊಟ್ಟು ಹೋದ್ರು."

ಸೊಸೆಯೇ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮಾವನಿಗೆ ಗೊತ್ತಿತ್ತು. ಅಂಗಡಿಯಲ್ಲಿ ನಿಂತಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಅದನ್ನು ತಂದು ಊಟದ ಮೇಜಿನ ಮೇಲೆ ಬಿಚ್ಚಿ, ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ತನ್ನನ್ನು ಕೇಳಿದ್ದರು. ಹೇಗಿದೆ ಎಂದು. ತಾನು ಏನು ಹೇಳಿದೆ!

ಅವಳು ಕಣ್ಣೊರೆಸಿಕೊಂಡು ಎದ್ದಳು. "ಪಟ್ಟಿ ಬೇಡ. ಇಡೀ ತೊಗಲು ತೋರಿಸಿ."

ಮೂರು ತೊಗಲು ಹಾಸಿಸಿದಳು. ಮಂಡಿಯೂರಿ ಬೆನ್ನು, ಕತ್ತು, ಹೊಟ್ಟೆ ಎಲ್ಲ ಕಡೆ ಮೂಸಿದಳು. ಮೂರನೆಯದರಲ್ಲಿ ಆ ಪರಿಚಿತ ವಾಸನೆ ಮುಖಕ್ಕೆ ಬಡಿಯಿತು. ಹನ್ನೆರಡು ವರ್ಷ ಊಟದ ಮೇಜಿನ ಮೇಲೆ ಮೂಸಿದ್ದು ಸುಮ್ಮನೆ ಹೋಗಿರಲಿಲ್ಲ. ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಪಕ್ಕದವನು ಮೂಗು ಮುಚ್ಚಿಕೊಂಡ. ಅವಳಿಗೆ ಅದೇ ದೊಡ್ಡ ಸಮಾಧಾನ.

ಮಾವ ಬನಾತಿನ ಅಂಚಿಗೆ ಮೊಳೆ ಬಡಿಯುತ್ತಿದ್ದರು. ಅವಳು ಸುರುಳಿಯನ್ನು ಕಟಿಂಗ್ ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು.

"ಎಲ್ಲಿಗೆ ಹೋಗಿದ್ದೆ?"

"ತೊಗಲಿನ ಬೀದಿಗೆ."

ಮಾವ ಸುತ್ತಿಗೆ ಕೆಳಗಿಟ್ಟರು. ಬಾಯಲ್ಲಿ ಹಿಡಿದಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. "ಗೊತ್ತಾಯ್ತಾ ಹಾಗಾದ್ರೆ?"

"ಗೊತ್ತಾಯ್ತು. ನಿಮಗೂ ಗೊತ್ತಿತ್ತು ಅನ್ನೋದೂ ಗೊತ್ತಾಯ್ತು. ಯಾಕೆ ಹೇಳಲಿಲ್ಲ ಮಾವ?"

"ನಾಲಿಗೆ ಏಳಲಿಲ್ಲ ಕಣಮ್ಮ. ಜ್ವರ ಬಿಟ್ಟ ದಿನ ಸೋಪು ಮೂಸಿದೆ, ಏನೂ ಇಲ್ಲ. ಸೀಮೆಎಣ್ಣೆ ಮೂಸಿದೆ. ಗುಬ್ಬಿ ಮಲಗಿದ್ದಾಗ ಅವಳ ನೆತ್ತಿ ಮೂಸಿ ನೋಡಿದೆ. ಅದೂ ಇಲ್ಲ." ಸ್ವಲ್ಪ ತಡೆದರು. "ಮೇಜಿನ ಮೇಲೆ ಹಾಕಿದ್ರೆ ನೀನಾದ್ರೂ ಹೇಳ್ತೀಯ, ಅಲ್ಲಿಗೆ ಎಲ್ಲ ಮುಗಿಯುತ್ತೆ ಅಂದ್ಕೊಂಡೆ. ಈ ಮನೇಲಿ ನನ್ನ ಜೊತೆ ಸರಿಸಮ ಜಗಳ ಆಡೋಳು ನೀನೊಬ್ಬಳೇ. ನೀನೂ ಚೆನ್ನಾಗಿದೆ ಅಂದುಬಿಟ್ಟೆ. ಆವತ್ತು ಅನ್ನಿಸ್ತು, ನಾನು ಮುದುಕ ಆದೆ ಅಂತ."

ಸೊಸೆಗೆ ಅಳು ಬರುವ ಜಾಗಕ್ಕೆ ಸಿಟ್ಟು ಬಂತು, ಅದು ಅವಳ ಸ್ವಭಾವ.

"ಮತ್ತೆ ನನ್ನ ಸಾರು? ದಿನಾ ಚಪ್ಪೆ ಚಪ್ಪೆ ಅಂತ ನನ್ನ ಹೊಟ್ಟೆ ಉರಿಸಿದ್ರಲ್ಲ!"

"ಚಪ್ಪೆನೇ ಇತ್ತಲ್ಲಮ್ಮ ನನಗೆ. ಉಪ್ಪೊಂದೇ ಕಣೇ ನನಗೆ ಉಳಿದಿರೋದು. ಉಪ್ಪು ಹಾಕಿದ್ರೆ ಏನೋ ಒಂದು ತಿಂತಿದ್ದೀನಿ ಅಂತಾದ್ರೂ ಗೊತ್ತಾಗುತ್ತೆ."

ಆಗ ಅವಳು ಅತ್ತೇ ಬಿಟ್ಟಳು. ಮಾವ ಏನು ಮಾಡಬೇಕೆಂದು ತೋಚದೆ ಉಳಿದ ಬನಾತಿನ ಚೂರನ್ನು ಕಣ್ಣೊರೆಸಿಕೊಳ್ಳಲು ಕೊಟ್ಟರು. ಕೆನ್ನೆಗೆಲ್ಲ ಹಸಿರು ಎಳೆ ಅಂಟಿತು.

"ಬಾಗಿಲು ಹಾಕ್ತೀನಿ ಅಂತ ಊರಿಗೆಲ್ಲ ಹೇಳಿದ್ದೆ," ಎಂದರು.

"ಹಾಕಿ. ಇನ್ನೊಂದು ಬೀಗದ ಕೈ ನನ್ನ ಹತ್ರ ಇದೆ. ನೀವು ಸಂಜೆ ಹಾಕಿದ್ರೆ ಬೆಳಿಗ್ಗೆ ನಾನು ತೆಗೀತೀನಿ."

ಮಾವ ಅವಳನ್ನು ನೋಡಿ, ಜ್ವರ ಬಿಟ್ಟ ಮೇಲೆ ಮೊದಲ ಸಲ ನಕ್ಕರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ತೊಗಲು ಹಾಸಿದರು. ಪದ್ಧತಿ ಪದ್ಧತಿಯೇ. ಈ ಸಲ "ಚೆನ್ನಾಗಿದೆ" ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ, ಹೇಗಿದೆ ಎಂದು ತಾತನಿಗೆ ತಿಳಿಯುವ ಹಾಗೆ ಹೇಳಬೇಕೆಂದು ಗುಬ್ಬಿ ಕಟ್ಟಪ್ಪಣೆ ಮಾಡಿದಳು.

"ಕುದುರೆ ಬಿಸಿಲಲ್ಲಿ ನಿಂತಿದೆ ತಾತ. ಅದರ ಪಕ್ಕ ಯಾರೋ ಮರ ಕುಯ್ತಿದ್ದಾರೆ."

"ಮದುವೆ ದಿನ ನಿಮ್ಮ ಮೈ ಇದೇ ವಾಸನೆ ಹೊಡೀತಿತ್ತು," ಎಂದರು ಅತ್ತೆ. "ಅಷ್ಟು ಸೋಪು ಹಚ್ಚಿ ಉಜ್ಜಿಕೊಂಡು ಬಂದಿದ್ದೀನಿ ಅಂದ್ರೂ ಹೋಗಿರ್ಲಿಲ್ಲ. ಎಲ್ಲಿಗೆ ಬಂದು ಬಿದ್ದೆನಪ್ಪಾ ಅಂದ್ಕೊಂಡಿದ್ದೆ."

ಮಗ ಬಗ್ಗಿ ಮೂಸಿದ. ಎಲ್ಲರೂ ಕಾದರು. "ಸ್ಕೂಲು ಬಿಟ್ಟಾಗ ಗೇಟಿನ ಹತ್ರ ಬಂದು ನನ್ನ ಎತ್ಕೋತಿದ್ರಲ್ಲ ಅಪ್ಪ," ಎಂದ ಅಂಚೆಯವನು. "ಆಗಿನ ನಿಮ್ಮ ಷರಟು." ಅಷ್ಟು ಹೇಳಿ ನೀರು ಕುಡಿಯಲು ಎದ್ದು ಹೋದ.

ಮಾವ ತೊಗಲಿನ ಮೇಲೆ ಅಂಗೈ ಆಡಿಸುತ್ತಿದ್ದರು. ಸೊಸೆ ಕೊನೆಯವಳು. "ಬೆನ್ನಿನ ಕಡೆ ಶುದ್ಧವಾಗಿದೆ ಮಾವ. ಕತ್ತಿನ ಹತ್ರ ಎಣ್ಣೆ ವಾಸನೆ ಸ್ವಲ್ಪ ಜಾಸ್ತಿ. ಅಲ್ಲಿಂದ ಪಟ್ಟಿ ತೆಗೆದ್ರೆ ಆಮೇಲೆ ಬಣ್ಣ ಬೇರೆಯಾಗಬಹುದು."

"ಹೌದು!" ಮಾವ ಸೆಟೆದು ಕೂತರು. "ಕತ್ತು ಮುಟ್ಟಲೇಬೇಡ. ಬೆನ್ನಿನ ಉದ್ದಕ್ಕೇ ತೆಗಿ." ಆಮೇಲೆ ಕತ್ತಿಯ ಹಿಡಿಕೆಯನ್ನು ಅವಳ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. "ಆರಿಸಿದೋಳು ನೀನು. ಕತ್ತಿಯೂ ನೀನೇ ಹಾಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮೇಜು ಮುಗಿಯಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಮೊದಲ ಪಟ್ಟಿಯಲ್ಲಿ ಅವಳ ಕತ್ತಿ ಜಾರಿ ಅಂಚು ಸೊಟ್ಟಗಾಯಿತು, ಮಾವ ಬೈದರು, ಅವಳು ತಿರುಗಿ ಹೇಳಿದಳು, ಇಬ್ಬರಿಗೂ ಹಸಿವು ಹೆಚ್ಚಿತು. ಕ್ಯಾಪ್ಟನ್ ಬಂದು ಎಂಟೂ ಬದಿಗೆ ಮುಂಗೈ ಒರಗಿಸಿ ನೋಡಿ, ತೊಗಲು ಆರಿಸಿದ್ದು ಯಾರು ಎಂದು ಕೇಳಿದ. "ನಮ್ಮ ಸೊಸೆ," ಎಂದರು ಮಾವ. "ನನ್ನ ಮೂಗು ಹೋಗಿದೆ ಕ್ಯಾಪ್ಟನ್. ಈಗ ಅಂಗಡಿಗೆ ಅವಳದೇ ಮೂಗು." ಅಷ್ಟನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೇಳಿದ್ದು ಕೇಳಿ ಸೊಸೆ ಯಂತ್ರಕ್ಕೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಆ ಶನಿವಾರದಿಂದ ಮಾವನೂ ಆಟಕ್ಕೆ ಹೋಗತೊಡಗಿದರು, ಮನೆಯ ಷರಟುಗಳ ಗುಂಡಿಗಳು ಒಂದೊಂದಾಗಿ ಕಾಣೆಯಾದವು.

ಮೊದಲ ಆಟ ಮುಗಿಸಿ ಮಾವ ಮನೆಗೆ ಬಂದಾಗ ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಸೊಸೆ ಸೌಟಿನಲ್ಲಿ ಸ್ವಲ್ಪ ತೆಗೆದು, ಊದಿ ಆರಿಸಿ, ಅವರ ಮುಂದೆ ಹಿಡಿದಳು.

"ಬೆಳ್ಳುಳ್ಳಿ ಚೆನ್ನಾಗಿ ಹುರಿದಿದ್ದೀನಿ ಮಾವ, ಅದೇ ಮುಂದಾಗಿ ಬರ್ತಿದೆ. ಮೆಣಸು ಹಿಂದಿದೆ. ಮೀನು ಇವತ್ತಿನದೇ, ಸಮುದ್ರದ ವಾಸನೆ ಇನ್ನೂ ಹೋಗಿಲ್ಲ. ಅದೆಲ್ಲ ನಾನು ನೋಡಿದ್ದೀನಿ. ಉಪ್ಪು ಮಾತ್ರ ನೀವು ನೋಡಿ ಹೇಳಿ."

ಮಾವ ತೊಗಲು ನೋಡುವಾಗಿನ ಗಾಂಭೀರ್ಯದಲ್ಲಿ ಕಣ್ಣು ಮುಚ್ಚಿ ಚಪ್ಪರಿಸಿದರು. "ಇನ್ನೊಂದು ಚಿಟಿಕೆ."

ಅವಳು ಹಾಕಿದಳು.

"ಇನ್ನೊಂದು."

ಅದನ್ನೂ ಹಾಕಿ ಭರಣಿಯನ್ನು ಕಪಾಟಿನಲ್ಲಿಟ್ಟಳು.

ಆ ದಿನ ಎಲ್ಲರೂ ಮಾತಿಲ್ಲದೆ ಉಂಡರು. ಅತ್ತೆ ಅನ್ನವನ್ನು ಎರಡೆರಡು ಸಲ ಹಾಕಿಸಿಕೊಂಡರು, ಮಗ ಕೆಮ್ಮಿ ಗೋಡೆಯ ಕಡೆ ತಿರುಗಿದ. ಗುಬ್ಬಿ ಮೂರು ಲೋಟ ನೀರು ಕುಡಿದಳು, ಚಕಾರ ಎತ್ತಲಿಲ್ಲ. ಮಾವ ತಟ್ಟೆಯ ಕೊನೆಯ ಹನಿಯನ್ನೂ ಬೆರಳಿನಿಂದ ಬಳಿದು ತಿಂದು, "ಇನ್ನೊಂದು ಸೌಟು ಹಾಕಮ್ಮ," ಎಂದರು. ಉಪ್ಪಿನ ಭರಣಿ ಕಪಾಟಿನಲ್ಲೇ ಇತ್ತು.